‘ಅಯ್ಯೋ ಪಾಪ’ ಎಂಬ ಬಹುಮಾನ

1947ರ ಮಾರ್ಚ್ ತಿಂಗಳ ಒಂದು ರಾತ್ರಿ ಹಾಲಿವುಡ್‌ನ ಅಕಾಡೆಮಿ ಒಬ್ಬನೇ ನಟನಿಗೆ, ಒಂದೇ ಪಾತ್ರಕ್ಕೆ, ಎರಡು ಆಸ್ಕರ್ ಕೊಟ್ಟಿತು. ಅದಕ್ಕೆ ಮೊದಲು ಹಾಗಾದದ್ದಿಲ್ಲ, ಆಮೇಲೂ ಆಗಿಲ್ಲ. ಪಡೆದವರು ಹೆರಾಲ್ಡ್ ರಸೆಲ್. ಅವರು ವೃತ್ತಿಯ ನಟರಲ್ಲ, ಸೈನಿಕ. 1944ರಲ್ಲಿ ತರಬೇತಿಯ ವೇಳೆ ಸ್ಫೋಟಕ ಕೈಯಲ್ಲೇ ಸಿಡಿದು ಎರಡೂ ಕೈ ಹೋಗಿದ್ದವು. ವಿಲಿಯಂ ವೈಲರ್ ಅವರ ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’ ಚಿತ್ರದಲ್ಲಿ, ಕೈಗಳ ಜಾಗದಲ್ಲಿ ಉಕ್ಕಿನ ಕೊಕ್ಕೆ ಹಾಕಿಸಿಕೊಂಡು ಯುದ್ಧದಿಂದ ಊರಿಗೆ ಮರಳುವ ನಾವಿಕ ಹೋಮರ್‌ನ ಪಾತ್ರ ಮಾಡಿದ್ದರು. ಪೋಷಕ ನಟರ ಪಟ್ಟಿಯಲ್ಲಿ ಹೆಸರೇನೋ ಇತ್ತು. ಪಳಗಿದ ನಟರ ನಡುವೆ ಈತ ಗೆಲ್ಲುವ ಮಾತೆಲ್ಲಿ ಎಂದುಕೊಂಡ ಅಕಾಡೆಮಿಯ ಹಿರಿಯರು, ಮಾಜಿ ಯೋಧರಿಗೆ ಭರವಸೆ ಮತ್ತು ಧೈರ್ಯ ತಂದುಕೊಟ್ಟದ್ದಕ್ಕಾಗಿ ಎಂಬ ಒಕ್ಕಣೆ ಬರೆದು, ಗೌರವ ಪ್ರಶಸ್ತಿಯೊಂದನ್ನು ಮೊದಲೇ ಗೊತ್ತುಮಾಡಿಟ್ಟರು. ಲಕೋಟೆ ಒಡೆದಾಗ ಪೋಷಕ ನಟ ಪ್ರಶಸ್ತಿಯೂ ಅವರಿಗೇ ಬಂದಿತ್ತು.

ಒಂದು ಪ್ರತಿಮೆ ನಟನೆಗೆ, ಇನ್ನೊಂದು ‘ಅಯ್ಯೋ ಪಾಪ’ಕ್ಕೆ. ಇಷ್ಟು ಹೊಗಳಿಸಿಕೊಂಡ ರಸೆಲ್ ಮುಂದಿನ ಕಥಾಚಿತ್ರದಲ್ಲಿ ಕಾಣಿಸಿಕೊಂಡದ್ದು 1980ರಲ್ಲಿ. ಕಣ್ಣೊರೆಸಿಕೊಂಡ ಹಾಲಿವುಡ್‌ಗೆ ಕೈಯಿಲ್ಲದ ನಟನಿಗಾಗಿ ಎರಡನೆಯದೊಂದು ಪಾತ್ರ ಹುಡುಕಲು ಮೂರು ದಶಕಕ್ಕೂ ಮೀರಿ ಕಾಲ ಬೇಕಾಯಿತು.

ವಿಕಲಚೇತನರ ಸಿನಿಮಾ ಎಂದರೆ ಇಲ್ಲಿಯೂ ಬೇರುಬಿಟ್ಟಿರುವ ನಂಬಿಕೆ ಅಕಾಡೆಮಿಯ ಆ ಹಿರಿಯರದ್ದೇ. ಪ್ರೇಕ್ಷಕ ಕರವಸ್ತ್ರ ತೆಗೆದರೆ ಚಿತ್ರ ಗೆದ್ದ ಹಾಗೆ. ಎದ್ದು ನಿಂತು ಚಪ್ಪಾಳೆ ತಟ್ಟಿದರೆ ಸಮಾಜದ ಮನಸ್ಸೇ ತಿರುಗಿದ ಹಾಗೆ. ‘ಮನಕಲಕುವ’, ‘ಸ್ಫೂರ್ತಿ ತುಂಬುವ’ ಎಂಬ ಎರಡು ವಿಶೇಷಣಗಳು ವಿಮರ್ಶಕರ ಜೇಬಿನಲ್ಲಿ ಸದಾ ಸಿದ್ಧ. ನಟ ‘ಸವಾಲಿನ ಪಾತ್ರ’ ಎಂದು ಸಂದರ್ಶನ ಕೊಡುತ್ತಾನೆ. ಇಂಥ ಚಿತ್ರದ ಬಗ್ಗೆ ಯಾರಾದರೂ ಎರಡು ಕಟುಮಾತು ಆಡಿದರೆ, ಅವರ ಎದೆಯೊಳಗೆ ಕಲ್ಲಿದೆ ಎಂದು ತೀರ್ಪು. ಆದರೆ ಮೊದಲು ಅನುಮಾನಿಸಬೇಕಾದದ್ದು ಆ ಕಣ್ಣೀರನ್ನೇ. ಅದು ಪಡಿಯಚ್ಚುಗಳನ್ನು ತೊಳೆಯುವುದಿಲ್ಲ, ಅವುಗಳ ಬುಡಕ್ಕೆ ನೀರೆರೆಯುತ್ತದೆ.

ಅಚ್ಚುಗಳೇನೂ ಸಿನಿಮಾ ಎರಕ ಹೊಯ್ದವಲ್ಲ. ಮಂಥರೆಯ ಬೆನ್ನಿನ ಗೂನು ಅವಳ ಬುದ್ಧಿಯ ಗೂನಿಗೆ ಗುರುತಾಗಿ ಎಷ್ಟೋ ಶತಮಾನಗಳಾದವು. ದೂರದರ್ಶನದ ‘ಮಹಾಭಾರತ’ದ ಶಕುನಿ ಕುಂಟುತ್ತಲೇ ಒಳಗೆ ಬರುತ್ತಿದ್ದ; ಆ ಹೆಜ್ಜೆ ಕಂಡರೆ ಸಾಕು, ಮನೆಯವರೆಲ್ಲ ಮೋಸವನ್ನು ನಿರೀಕ್ಷಿಸುತ್ತಿದ್ದರು. ‘ಕುಂಟನಿಗೆ ಎಂಟು ಚೇಷ್ಟೆ’ ಎಂದು ಗಾದೆ ಕಟ್ಟಿಕೊಂಡ ನಾಡು ಇದು. ಸಿನಿಮಾ ಈ ಸರಕನ್ನು ಹಾಗೆಯೇ ಎತ್ತಿಕೊಂಡು ದೊಡ್ಡದು ಮಾಡಿತು. ರಾಮನಗರದ ಬಂಡೆಗಳ ನಡುವೆ ಚಿತ್ರಿಸಿದ 1975ರ ‘ಶೋಲೆ’ ಒಂದರಲ್ಲೇ ಎರಡು ಅಚ್ಚುಗಳಿವೆ: ಸೇಡೇ ಉಸಿರಾದ, ಎರಡೂ ತೋಳಿಲ್ಲದ ಠಾಕೂರ್, ಮಗನ ಹೆಣದ ಮುಂದೆ ನಿಂತ, ಕಣ್ಣಿಲ್ಲದ ಇಮಾಮ್. ಒಬ್ಬನ ದೇಹ ರೋಷಕ್ಕೆ ಇಂಧನ, ಇನ್ನೊಬ್ಬನದು ಶೋಕಕ್ಕೆ. ಠಾಕೂರನ ಕೈಗಳ ಮೇಲಿನ ಜೋಕುಗಳು ಐವತ್ತು ವರ್ಷ ಕಳೆದರೂ ಕಾಲೇಜು ವಾರ್ಷಿಕೋತ್ಸವಗಳಿಂದ ಮೊಬೈಲಿನವರೆಗೆ ಓಡಾಡುತ್ತಿವೆ. ಗಂಭೀರ ಪಾತ್ರವೂ ಕೊನೆಗೆ ಸೇರುವ ಜಾಗ ನಗೆಪಾಟಲೇ.

ಅಮೆರಿಕದ ಇತಿಹಾಸಕಾರ ಪಾಲ್ ಲಾಂಗ್‌ಮೋರ್ 1985ರಲ್ಲಿ ಬರೆದ ಪ್ರಬಂಧವೊಂದು ಈ ಅಚ್ಚುಗಳ ಗುಟ್ಟನ್ನು ಹೊರಗೆಳೆಯಿತು. ಬಾಲ್ಯದಲ್ಲೇ ಪೋಲಿಯೊಗೆ ತುತ್ತಾಗಿದ್ದ ಅವರು ಕೇಳಿದ ಮೊದಲ ಪ್ರಶ್ನೆಯೇ ವಿಚಿತ್ರ: ಪರದೆಯ ಮೇಲೆ ಇಷ್ಟೊಂದು ಅಂಗವಿಕಲ ಪಾತ್ರಗಳಿದ್ದರೂ ನೋಡುವವರಿಗೆ ಅವು ಕಂಡೇ ಇಲ್ಲವೆಂದು ಏಕೆ ಅನಿಸುತ್ತದೆ? ಖಳರ ಕೊಕ್ಕೆಗೈ, ಒಂಟಿಗಣ್ಣುಗಳ ಪಟ್ಟಿ ಕೊಟ್ಟ ಮೇಲೆ ಅವರು ಕೈಯಿಟ್ಟದ್ದು ‘ಒಳ್ಳೆಯ’ ಚಿತ್ರಗಳ ಮೇಲೆ. ಅಂಥ ಚಿತ್ರಗಳಲ್ಲಿ ನಾಯಕನಿಗೆ ನಿಜವಾದ ಅಡ್ಡಿ ಅವನ ಕೊರಗು. ಮನೆಗೆ ಮೆಟ್ಟಿಲುಗಳಿವೆ, ಕಚೇರಿ ಕೆಲಸ ಕೊಡುವುದಿಲ್ಲ, ಊರು ಹೆಣ್ಣು ಕೊಡುವುದಿಲ್ಲ. ಇವು ಯಾವುವೂ ಕತೆಗೆ ಬೇಡ. ಎಲ್ಲ ಅಂಗಗಳೂ ನೆಟ್ಟಗಿರುವ ಒಬ್ಬರು ಬಂದು ಗದರಿಸಿ, ‘ಏಳು, ಬದುಕು’ ಎನ್ನುತ್ತಾರೆ. ಅವನು ಎದ್ದರೆ ಕತೆ ಮುಗಿಯಿತು. ಊರು ಇದ್ದ ಹಾಗೆಯೇ ಇರುತ್ತದೆ. ಪ್ರೇಕ್ಷಕನ ಮೇಲೆ ಯಾವ ಸಾಲವೂ ಉಳಿಯುವುದಿಲ್ಲ; ಕಣ್ಣೀರು ಹಾಕಿ ಲೆಕ್ಕ ಚುಕ್ತಾ ಮಾಡಿಬಿಟ್ಟಿರುತ್ತಾನೆ.

ಸಂಜಯ್ ಲೀಲಾ ಬನ್ಸಾಲಿ ಅವರ ‘ಬ್ಲ್ಯಾಕ್’ (2005) ಈ ಲೆಕ್ಕಾಚಾರದ ಅತಿ ಸುಂದರ ನಮೂನೆ. ಕಣ್ಣೂ ಕಾಣದ ಕಿವಿಯೂ ಕೇಳದ ಹುಡುಗಿ, ಅವಳನ್ನು ಹೊಡೆದು ಬಡಿದು ಲೋಕಕ್ಕೆ ತರುವ ಮೇಷ್ಟ್ರು, ಹಿಮ, ಮೇಣದಬತ್ತಿ. ಹುಡುಗಿಯ ಕತೆ ಎಂದು ಒಳಗೆ ಹೋದವರು ಮೇಷ್ಟ್ರ ಕತೆ ನೋಡಿ ಹೊರಬರುತ್ತಾರೆ. ಆ ಚಿತ್ರದ ನಟನೆಗೆ ರಾಷ್ಟ್ರ ಪ್ರಶಸ್ತಿ ಬಂದದ್ದೂ ಮೇಷ್ಟ್ರಾದ ಅಮಿತಾಭ್ ಬಚ್ಚನ್ ಅವರಿಗೇ. ‘ತಾರೆ ಜಮೀನ್ ಪರ್’ (2007) ಅದಕ್ಕಿಂತ ಎಷ್ಟೋ ಪ್ರಾಮಾಣಿಕ ಚಿತ್ರ. ಡಿಸ್ಲೆಕ್ಸಿಯಾ ಎಂಬ ಪದವನ್ನೇ ಕೇಳಿರದ ಸಾವಿರಾರು ತಂದೆತಾಯಿಗಳು ‘ದಡ್ಡ’ ಎಂದು ಬೈಯುತ್ತಿದ್ದ ಮಗುವನ್ನು ಮತ್ತೊಮ್ಮೆ ತಿರುಗಿ ನೋಡುವಂತೆ ಮಾಡಿದ್ದನ್ನು ಯಾರೂ ಅಲ್ಲಗಳೆಯಲಾರರು. ಆದರೂ ಕೊನೆಯಲ್ಲಿ ಚಿತ್ರದ ಬಾಲಕ ಇಶಾನ್ ಚಿತ್ರಕಲಾ ಸ್ಪರ್ಧೆ ಗೆಲ್ಲಲೇಬೇಕಾಯಿತು. ಅವನು ಸಾಧಾರಣ ಚಿತ್ರ ಬರೆಯುವ, ಅಕ್ಷರಗಳೂ ತಿರುಗುಮುರುಗಾಗುವ ಹುಡುಗನಾಗಿದ್ದರೆ ಆ ಬಯಲು ರಂಗಮಂದಿರದಲ್ಲಿ ಯಾರು ಚಪ್ಪಾಳೆ ತಟ್ಟುತ್ತಿದ್ದರು? ಪ್ರತಿಭೆಯ ಸುಂಕ ಕಟ್ಟಿದ ಮೇಲೆ ಮಾತ್ರ ತೆರೆಯುವ ಗೇಟು ಅದು. ಬೇರೆ ಮಕ್ಕಳಿಗೆ ಆ ಗೇಟಿನಲ್ಲಿ ಸುಂಕವಿಲ್ಲ.

ಆಸ್ಟ್ರೇಲಿಯಾದ ಹಾಸ್ಯಗಾರ್ತಿ ಸ್ಟೆಲ್ಲಾ ಯಂಗ್ ಗಾಲಿಕುರ್ಚಿಯಲ್ಲಿ ಕೂತೇ ಈ ಸ್ಫೂರ್ತಿಯ ವ್ಯಾಪಾರವನ್ನು ‘ಸ್ಫೂರ್ತಿಯ ಅಶ್ಲೀಲ’ ಎಂಬ ಅರ್ಥದ ಹೆಸರಿಟ್ಟು ಕರೆದರು. ಬೇರೆಯವರಿಗೆ ಹುರುಪು ಬರಲೆಂದು ತಮ್ಮಂಥವರನ್ನು ವಸ್ತುವಾಗಿಸುವುದು ಎಂಬುದು ಅವರ ಆಕ್ಷೇಪದ ತಿರುಳು. 2014ರಲ್ಲಿ, ಆ ಮಾತು ಲೋಕವೆಲ್ಲ ಕೇಳಿದ ವರ್ಷವೇ, ಅವರು ತೀರಿಕೊಂಡರು. ಮರುವರ್ಷದ ಕೊನೆಗೆ ಭಾರತದಲ್ಲಿ ‘ದಿವ್ಯಾಂಗ’ ಎಂಬ ಪದ ಚಲಾವಣೆಗೆ ಬಂತು. ಅಂಗಕ್ಕೆ ದಿವ್ಯತೆ ಸಿಕ್ಕಿತು. ಬಸ್ಸಿನ ಮೆಟ್ಟಿಲಿನ ಎತ್ತರ ಇದ್ದಷ್ಟೇ ಇದೆ.

ಹಾಗಾದರೆ ಸಿನಿಮಾಕ್ಕೆ ಈ ಅಚ್ಚು ಒಡೆಯುವ ಶಕ್ತಿಯೇ ಇಲ್ಲವೆ? ಇದೆ. ಆ ಶಕ್ತಿಯನ್ನು ಕನ್ನಡ ಸಿನಿಮಾ 1972ರಲ್ಲೇ ತೋರಿಸಿತ್ತು. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಅವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ‘ಶರಪಂಜರ’ವನ್ನು ಜನ ಇಂದಿಗೂ ಕಲ್ಪನಾ ಅವರ ಅಭಿನಯಕ್ಕಾಗಿ ನೆನೆಯುತ್ತಾರೆ, ಆ ಏರಿಳಿತದ ಮಾತಿನ ಧಾಟಿಯನ್ನು ಮಿಮಿಕ್ರಿ ಮಾಡುವವರು ಇನ್ನೂ ಇದ್ದಾರೆ. ಆದರೆ ಆ ಚಿತ್ರದ ದೊಡ್ಡಸ್ತಿಕೆ ನಾಯಕಿ ಕಾವೇರಿಯ ಮನಸ್ಸಿನ ಕಾಯಿಲೆಯನ್ನು ತೋರಿಸಿದ್ದರಲ್ಲಿಲ್ಲ. ಅವಳು ಗುಣವಾಗಿ ಮನೆಗೆ ಬರುತ್ತಾಳೆ. ಕತೆ ನಿಜವಾಗಿ ಶುರುವಾಗುವುದೇ ಅಲ್ಲಿಂದ. ನಕ್ಕರೆ ಅನುಮಾನ, ಅತ್ತರೆ ಅನುಮಾನ, ಸುಮ್ಮನಿದ್ದರೆ ಇನ್ನೂ ಹೆಚ್ಚಿನ ಅನುಮಾನ. ಗಂಡ ದೂರವಾಗುತ್ತಾನೆ, ನೆರೆಹೊರೆ ಪಿಸುಗುಟ್ಟುತ್ತದೆ, ಯಾರೂ ಅವಳ ಮಾತನ್ನು ಮಾತೆಂದು ಕೇಳಿಸಿಕೊಳ್ಳುವುದಿಲ್ಲ. ವೈದ್ಯರು ಗುಣಪಡಿಸಿದ್ದನ್ನು ಊರು ಕೆಡಿಸಿ ಮತ್ತೆ ಆಸ್ಪತ್ರೆಗೆ ಕಳಿಸುತ್ತದೆ.

ಅಲ್ಲಿ ಅತ್ತ ಪ್ರೇಕ್ಷಕನಿಗೆ ಸುಲಭದ ಬಿಡುಗಡೆ ಇರಲಿಲ್ಲ. ಕ್ಯಾಮೆರಾ ‘ಹುಚ್ಚಿ’ಯ ಕಡೆ ನೋಡುತ್ತಿದೆ ಎಂದುಕೊಂಡರೆ, ಅದು ಅವಳನ್ನು ಹಾಗೆ ಕರೆಯುವವರ ಕಡೆ ತಿರುಗಿತ್ತು. ರಾಯಚೂರಿನಲ್ಲೋ ಚಾಮರಾಜನಗರದಲ್ಲೋ ಟೆಂಟಿನಲ್ಲಿ ಕೂತ ಹೆಂಗಸು ಕಾವೇರಿಯ ನೆರೆಮನೆಯವಳಲ್ಲಿ ತನ್ನ ನೆರೆಮನೆಯವಳನ್ನೇ ಕಂಡಿದ್ದಾಳು, ಕೆಲವೊಮ್ಮೆ ತನ್ನನ್ನೇ ಕಂಡಿದ್ದಾಳು. ರೋಗವೆಲ್ಲಿದೆ ಎಂಬುದರ ವಿಳಾಸವನ್ನೇ ಬದಲಿಸಿದ ಚಿತ್ರ ‘ಶರಪಂಜರ’.

ದುಃಖವೆಂದರೆ ಮುಂದಿನವರು ಆ ದಾರಿಯಲ್ಲಿ ನಡೆಯಲಿಲ್ಲ. ಪುಟ್ಟಣ್ಣನವರದೇ ‘ಕಥಾ ಸಂಗಮ’ (1976) ಚಿತ್ರದ ‘ಮುನಿತಾಯಿ’ ಭಾಗದಲ್ಲಿ ಆರತಿ ಕಣ್ಣು ಕಾಣದ ಹೆಂಡತಿ. ಅವಳ ಕುರುಡು ಅತ್ಯಾಚಾರಕ್ಕೆ ಅನುಕೂಲವಾಗುವ ಸಂಗತಿ. ದುಷ್ಟನಾಗಿ ಬಂದವರು ಆಗಿನ್ನೂ ಹೊಸಬರಾಗಿದ್ದ ರಜನಿಕಾಂತ್. 1984ರಲ್ಲಿ ಅದೇ ಕತೆ ತಮಿಳಿಗೆ ಹೋದಾಗ ರಜನಿ ಗಂಡನ ಪಾತ್ರಕ್ಕೆ ಬಡ್ತಿ ಪಡೆದರು. ಕುರುಡಿಯ ಪಾತ್ರಕ್ಕೆ ಯಾವ ಬಡ್ತಿಯೂ ಇರಲಿಲ್ಲ. 2001ರ ‘ಹುಚ್ಚ’ದಲ್ಲಿ ಹುಚ್ಚು ಪ್ರೇಮಕ್ಕೆ ತೆತ್ತ ದಂಡವಾಯಿತು, ಎರಡು ವರ್ಷ ಬಿಟ್ಟು ಬಂದ ‘ಸ್ವಾತಿ ಮುತ್ತು’ವಿನಲ್ಲಿ ಬುದ್ಧಿಮಾಂದ್ಯ ದೇವರಂಥ ಮಗುತನವಾಯಿತು. ಎರಡರಲ್ಲೂ ಸುದೀಪ್ ಜೀವ ತುಂಬಿ ನಟಿಸಿದ್ದಾರೆ ಎಂಬುದು ಬೇರೆ ಮಾತು. ಒಂದು ಕಡೆ ಸರಪಳಿ, ಇನ್ನೊಂದು ಕಡೆ ಹೂಮಾಲೆ. ನಡುವೆ ಬಾಡಿಗೆ ಕಟ್ಟುವ, ಸಿಡುಕುವ, ಸುಳ್ಳು ಹೇಳುವ, ಶನಿವಾರ ಸಂಜೆ ಸಿನಿಮಾಕ್ಕೆ ಹೋಗುವ ಮನುಷ್ಯನಿಗೆ ಜಾಗವೇ ಇಲ್ಲ.

ಆ ಜಾಗವನ್ನು ಸಾಯಿ ಪರಾಂಜಪೆ ‘ಸ್ಪರ್ಶ್’ನಲ್ಲಿ ಬಿಟ್ಟುಕೊಟ್ಟರು. ದೆಹಲಿಯ ಅಂಧರ ಶಾಲೆಯ ಮುಖ್ಯಸ್ಥರೊಬ್ಬರಿಂದ ಪ್ರೇರಿತವಾದ ಪಾತ್ರ. ಶಾಲೆಯ ಮಕ್ಕಳೇ ಶಾಲೆಯ ಮಕ್ಕಳಾಗಿ ನಟಿಸಿದ್ದಾರೆ. ನಾಸಿರುದ್ದೀನ್ ಶಾ ಅವರ ಅನಿರುದ್ಧ್ ವೈದ್ಯರ ಮನೆ ಹುಡುಕಿ ಬಂದವನು ಹಾಡೊಂದು ಕೇಳಿ ತಪ್ಪು ಬಾಗಿಲು ತಟ್ಟುತ್ತಾನೆ. ಬಾಗಿಲು ತೆರೆದವಳು ವಿಧವೆ ಕವಿತಾ, ಶಬಾನಾ ಆಜ್ಮಿ. ಮಕ್ಕಳನ್ನು ‘ಬೇಚಾರ’ ಎಂದವರಿಗೆ ಅವನು ಅಲ್ಲೇ ಗದರುತ್ತಾನೆ: ಸಹಾಯ ಬೇಕು, ಮರುಕ ಬೇಡ. ಇಷ್ಟಕ್ಕೇ ನಿಂತಿದ್ದರೆ ಅದು ಸುಭಾಷಿತವಾಗುತ್ತಿತ್ತು. ಆದರೆ ಪರಾಂಜಪೆ ಮುಂದೆ ಹೋಗಿ ತಮ್ಮ ನಾಯಕನ ಕಾಲನ್ನೇ ಎಳೆಯುತ್ತಾರೆ. ಮರುಕದ ವಾಸನೆಗೆ ಮೂಗು ಅರಳಿಸಿ ಅರಳಿಸಿ ಅನಿರುದ್ಧ್‌ಗೆ ಪ್ರೀತಿಯಲ್ಲೂ ಅದೇ ವಾಸನೆ ಹೊಡೆಯತೊಡಗುತ್ತದೆ. ನಿಶ್ಚಯವಾದ ಮದುವೆಯನ್ನು ಮುರಿದು ಕೂರುತ್ತಾನೆ. ಅಹಂಕಾರಿ, ಹಟಮಾರಿ, ಹಲವು ಬಾರಿ ತಪ್ಪು. ಅವನ ತಪ್ಪುಗಳಿಗೆ ಕಣ್ಣು ಕಾಣದಿರುವುದು ಕಾರಣವೂ ಅಲ್ಲ, ಮಾಫಿಯೂ ಅಲ್ಲ. ಭಾರತದ ಪರದೆಯ ಮೇಲೆ ಕುರುಡನೊಬ್ಬನಿಗೆ ತಪ್ಪು ಮಾಡುವ ಹಕ್ಕು ಇಷ್ಟು ಧಾರಾಳವಾಗಿ ಸಿಕ್ಕಿದ್ದು ಅಪರೂಪ. 1979ರ ಸಾಲಿನಲ್ಲಿ ನಾಸಿರ್ ಅವರಿಗೂ ಚಿತ್ರಕತೆಗಾಗಿ ಪರಾಂಜಪೆ ಅವರಿಗೂ ರಾಷ್ಟ್ರ ಪ್ರಶಸ್ತಿ ಬಂತು.

ನಗುವಿನ ವಿಚಾರ ಬಂದಾಗ ವಾದ ಬಿಸಿಯಾಗುತ್ತದೆ. ಈಗೀಗ ಏನಂದರೂ ತಪ್ಪು, ಎಲ್ಲದಕ್ಕೂ ಜನ ನೊಂದುಕೊಳ್ಳುತ್ತಾರೆ, ಹೀಗಾದರೆ ಹಾಸ್ಯ ಬರೆಯುವುದು ಹೇಗೆ ಎಂಬ ಗೊಣಗಾಟ ಗಾಂಧಿನಗರದಲ್ಲೂ ಕೇಳುತ್ತದೆ, ಮುಂಬೈಯಲ್ಲೂ ಕೇಳುತ್ತದೆ. ಉತ್ತರಕ್ಕೆ ಗುಲ್ಜಾರ್ ಅವರ ‘ಕೋಶಿಶ್’ (1972) ಸಾಕು. ಸಂಜೀವ್ ಕುಮಾರ್, ಜಯಾ ಭಾದುರಿ ಅವರದು ಕಿವಿ ಕೇಳದ, ಮಾತು ಬಾರದ ಗಂಡಹೆಂಡತಿಯ ಜೋಡಿ. ಮಗು ಹುಟ್ಟಿದೆ. ಅದಕ್ಕಾದರೂ ಕಿವಿ ಕೇಳುತ್ತದೆಯೇ ಎಂದು ಗಿಲಕಿ ಆಡಿಸಿ ನೋಡುತ್ತಾರೆ. ಮಗು ತಿರುಗುವುದಿಲ್ಲ. ಎದೆ ಒಡೆದುಕೊಂಡು ವೈದ್ಯರಲ್ಲಿಗೆ ಓಡುತ್ತಾರೆ. ನೋಡಿದರೆ ಸದ್ದಿಲ್ಲದಿರುವುದು ಗಿಲಕಿಗೆ! ಅಪ್ಪ ಅಮ್ಮನಿಗೆ ಅದು ಗೊತ್ತಾಗುವುದಾದರೂ ಹೇಗೆ? ಇಡೀ ಥಿಯೇಟರ್ ನಗುತ್ತದೆ, ಆ ದಂಪತಿಯೊಂದಿಗೆ ಸೇರಿ ನಗುತ್ತದೆ. ಆ ಹಾಸ್ಯ ಹುಟ್ಟಿದ್ದು ಅವರ ಬದುಕಿನ ಒಳಗಿನಿಂದ. ಅದೇ ಚಿತ್ರದ ಕೊನೆಯ ಭಾಗ ಉಪದೇಶಕ್ಕೆ ಇಳಿಯುತ್ತದೆ ಎಂಬುದನ್ನೂ ಹೇಳಬೇಕು. ಕಿವುಡು ಹುಡುಗಿಯನ್ನು ಮದುವೆಯಾಗಲು ಮಗನನ್ನು ಅಪ್ಪ ಒಪ್ಪಿಸುವ ಪ್ರಸಂಗದಲ್ಲಿ ಆ ಹುಡುಗಿಯ ಇಷ್ಟವೇನೆಂದು ಯಾರಿಗೂ ಕುತೂಹಲವಿಲ್ಲ.

ಇದರ ಎದುರು ‘ಹೌಸ್‌ಫುಲ್ 3’ (2016) ಇಟ್ಟು ನೋಡಬಹುದು. ಮೂವರು ನಾಯಕರು, ಒಬ್ಬ ಕುರುಡನ ನಾಟಕ, ಒಬ್ಬ ಮೂಗನ ನಾಟಕ, ಒಬ್ಬ ಗಾಲಿಕುರ್ಚಿಯ ನಾಟಕ. ನಗು ಹುಟ್ಟುವುದು ಈ ಮೂರು ಸ್ಥಿತಿಗಳೂ ಸ್ವಭಾವತಃ ನಗೆಗೀಡು ಎಂಬ ಒಪ್ಪಂದದಿಂದ. 2023ರ ‘ಆಂಖ್ ಮಿಚೋಲಿ’ಯಲ್ಲಿ ಉಗ್ಗುವವನು ಸಿಕ್ಕಿಹಾಕಿಕೊಂಡ ಕ್ಯಾಸೆಟ್ಟು, ಕಿವಿ ಕೇಳದವನು ಸೌಂಡ್‌ಪ್ರೂಫ್ ವ್ಯವಸ್ಥೆ. ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2024ರ ಜುಲೈ 8ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ನ್ಯಾಯಮೂರ್ತಿ ಜೆ.ಬಿ. ಪಾರ್ದಿವಾಲಾ ಅವರ ಪೀಠ ಕೊಟ್ಟ ತೀರ್ಪು ಸಿನಿಮಾದವರು ಹೆದರಿದಂತೆ ಇರಲಿಲ್ಲ. ಚಿತ್ರಕ್ಕೆ ಕತ್ತರಿ ಹಾಕಿಸಲಿಲ್ಲ, ದಂಡ ಹಾಕಲಿಲ್ಲ. ವೈಕಲ್ಯವನ್ನು ಹೀಗಳೆಯುವ ಹಾಸ್ಯ ಬೇರೆ, ವೈಕಲ್ಯವನ್ನು ಅರಿಯಲು ನೆರವಾಗುವ ಹಾಸ್ಯ ಬೇರೆ ಎಂದು ಗೆರೆ ಎಳೆಯಿತು. ಅಂಥ ಪಾತ್ರ ಕಟ್ಟುವಾಗ ಅವರನ್ನೇ ಕೇಳಿ ಎಂದಿತು. ಗುಲ್ಜಾರ್ ಅವರ ಗಿಲಕಿ ಐವತ್ತೆರಡು ವರ್ಷ ಮೊದಲೇ ಆ ಗೆರೆಯ ಸರಿಯಾದ ಬದಿಯಲ್ಲಿ ಬಿದ್ದಿತ್ತು. ಹಾಸ್ಯ ಸತ್ತುಹೋಗುತ್ತದೆ ಎನ್ನುವವರ ಕಷ್ಟ ಏನೆಂದರೆ, ಕುಣಿಯಲಾರದವಳಿಗೆ ನೆಲ ಡೊಂಕು.

ನಟರ ಆಯ್ಕೆಯ ಪ್ರಶ್ನೆಗೆ ಸಿದ್ಧ ಉತ್ತರವೊಂದಿದೆ: ರಾಜನ ಪಾತ್ರಕ್ಕೆ ರಾಜನೇ ಬೇಕೆ? ನಟನೆ ಎಂದರೆ ಪರಕಾಯ ಪ್ರವೇಶವಲ್ಲವೆ? ಮಾತು ಚಂದ. ಆದರೆ ರಾಜನ ಪಾತ್ರ ತಪ್ಪಿದರೆ ಯಾವ ರಾಜನ ಹೊಟ್ಟೆಗೂ ಏನೂ ಆಗುವುದಿಲ್ಲ. ಗಾಲಿಕುರ್ಚಿಯ ಪಾತ್ರವೂ ನಡೆದಾಡುವ ನಟನಿಗೆ, ವಕೀಲನ ಪಾತ್ರವೂ ನಡೆದಾಡುವ ನಟನಿಗೆ ಎಂದಾದಾಗ ಪರಕಾಯ ಪ್ರವೇಶ ಒಮ್ಮುಖ ರಸ್ತೆಯಾಗುತ್ತದೆ. ಫ್ರಾನ್ಸಿನ ‘ಲಾ ಫಮಿಯ್ ಬೆಲಿಯೆ’ (2014) ಚಿತ್ರದಲ್ಲಿ ಕಿವುಡ ಅಪ್ಪ ಅಮ್ಮನ ಪಾತ್ರ ಮಾಡಿದವರು ಕಿವಿ ಕೇಳುವ ನಟರು. ಕಿವುಡ ಸಮುದಾಯ ಅದನ್ನು ಟೀಕಿಸಿತು. ಅದೇ ಕತೆ ಅಮೆರಿಕಕ್ಕೆ ಹೋಗಿ ‘ಕೋಡಾ’ (2021) ಆಗುವಾಗ, ಕಿವುಡ ಪಾತ್ರಗಳನ್ನು ಕಿವುಡರೇ ಮಾಡದಿದ್ದರೆ ತಾನು ಹೊರನಡೆಯುತ್ತೇನೆಂದು ಮಾರ್ಲಿ ಮ್ಯಾಟ್ಲಿನ್ ಪಟ್ಟು ಹಿಡಿದರು. ಅವರೇ ‘ಚಿಲ್ಡ್ರನ್ ಆಫ್ ಎ ಲೆಸ್ಸರ್ ಗಾಡ್’ (1986) ಚಿತ್ರಕ್ಕೆ ಅತ್ಯುತ್ತಮ ನಟಿ ಆಸ್ಕರ್ ಪಡೆದ ಮೊದಲ ಕಿವುಡ ಕಲಾವಿದೆ. ಪಟ್ಟು ಫಲಿಸಿತು. ಕಿವುಡ ನಟ ಟ್ರಾಯ್ ಕೋಟ್ಸರ್ ಪೋಷಕ ನಟ ಆಸ್ಕರ್ ಪಡೆದರು, ಚಿತ್ರ ವರ್ಷದ ಅತ್ಯುತ್ತಮ ಚಿತ್ರವಾಯಿತು. ಮಾರುಕಟ್ಟೆಗೆ ಹೆಸರಾಂತ ಮುಖ ಬೇಕು ಎಂಬ ವಾದ ಅವತ್ತು ಬಾಯಿ ಮುಚ್ಚಿಕೊಂಡಿತ್ತು.

ಭಾರತದಲ್ಲಿ ಸುಧಾ ಚಂದ್ರನ್ ಅವರ ಉದಾಹರಣೆ ಇನ್ನೂ ಸ್ವಾರಸ್ಯದ್ದು. 1981ರ ಬಸ್ ಅಪಘಾತದಲ್ಲಿ ಕಾಲು ಕಳೆದುಕೊಂಡ ನರ್ತಕಿ, ಜೈಪುರ ಕಾಲು ಕಟ್ಟಿಕೊಂಡು ಮತ್ತೆ ವೇದಿಕೆ ಏರಿದರು. ಸಿಂಗೀತಂ ಶ್ರೀನಿವಾಸ ರಾವ್ ಅವರ ತೆಲುಗು ಚಿತ್ರ ‘ಮಯೂರಿ’ಯಲ್ಲಿ ತಮ್ಮ ಕತೆಯನ್ನು ತಾವೇ ನಟಿಸಿದರು. ಎಲ್ಲರೂ ಹೊಗಳುವುದು ಅದನ್ನೇ. ಆದರೆ ಅಚ್ಚು ಒಡೆದದ್ದು ಆಮೇಲೆ, ಮೆಚ್ಚುಗೆಯ ಸದ್ದೆಲ್ಲ ಅಡಗಿದ ಮೇಲೆ. ‘ಕಹೀಂ ಕಿಸೀ ರೋಜ್’ ಧಾರಾವಾಹಿಯಲ್ಲಿ ಹಣೆತುಂಬ ವಿಚಿತ್ರ ಬಿಂದಿ ಇಟ್ಟುಕೊಂಡು ಮನೆಯವರನ್ನೆಲ್ಲ ನಡುಗಿಸುವ ರಮೋಲಾ ಆಗಿ ಅವರು ಬಂದಾಗ ದೇಶದ ಗೃಹಿಣಿಯರು ಬಿಂದಿಯ ಬಗ್ಗೆ ಮಾತಾಡಿದರು, ಸೀರೆಯ ಬಗ್ಗೆ ಮಾತಾಡಿದರು. ಕಾಲಿನ ಮಾತೇ ಬರಲಿಲ್ಲ. ಕೃತಕ ಕಾಲಿರುವ ಕಲಾವಿದೆ, ಕಾಲಿಗೆ ಸಂಬಂಧವೇ ಇಲ್ಲದ ಖಳನಾಯಕಿ! ಹೊರಗಿನ ಲೋಕ ಅಷ್ಟು ಬೇಗ ಕಲಿಯುವುದಿಲ್ಲ: 2021ರಲ್ಲಿ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಪ್ರತಿ ಸಲವೂ ಕಾಲು ಬಿಚ್ಚಿ ತೋರಿಸಬೇಕಾದ ನೋವನ್ನು ಅವರು ಬಹಿರಂಗವಾಗಿ ಹೇಳಿಕೊಂಡರು. ಭದ್ರತಾ ಪಡೆ ಕ್ಷಮೆ ಕೇಳಿತು.

ವಿಕಲಚೇತನರಿಂದ ನಟನೆ, ರಂಗದ ದುಡಿಮೆ ಆದೀತೇ ಎಂದು ಕನ್ನಡಿಗರು ಕೇಳಿದರೆ ಅದು ಗದಗವನ್ನು ಮರೆತ ಮಾತು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಟ್ಟಿದ ವೀರೇಶ್ವರ ಪುಣ್ಯಾಶ್ರಮಕ್ಕೆ ನಾಟಕ ಕಂಪನಿಯೂ ಆಸರೆಯಾಗಿತ್ತು. ಅವರ ಶಿಷ್ಯ, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ನಾಟಕ ಬರೆದರು, ಕಂಪನಿ ನಡೆಸಿದರು, ಹಲವು ವಾದ್ಯ ನುಡಿಸಿದರು. ಆಶ್ರಮದ ಹೊಟ್ಟೆ ತುಂಬಿದ್ದರಲ್ಲಿ ಟಿಕೇಟಿನ ಪಾಲೂ ಇತ್ತು. ಪಂಚಾಕ್ಷರಿ ಗವಾಯಿಗಳ ಮೇಲೆ 1995ರಲ್ಲಿ ಚಿತ್ರ ಬಂತು, ಹಂಸಲೇಖ ಅವರಿಗೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರ ಪ್ರಶಸ್ತಿ ತಂದುಕೊಟ್ಟಿತು. ಕಂಪನಿ ನಾಟಕಕ್ಕೆ ನೂರು ವರ್ಷದ ಹಿಂದೆ ಕಷ್ಟವಾಗದ್ದು ಇವತ್ತಿನ ಸಿನಿಮಾ ಸೆಟ್ಟಿಗೆ ಏಕೆ ಕಷ್ಟ ಎಂಬುದಕ್ಕೆ ನಿರ್ಮಾಪಕರೇ ಉತ್ತರ ಹೇಳಬೇಕು. ಆಮಿರ್ ಖಾನ್ ಅವರ ‘ಸಿತಾರೆ ಜಮೀನ್ ಪರ್’ (2025) ಬೌದ್ಧಿಕ ಭಿನ್ನತೆಯ ಹತ್ತು ಮಂದಿ ಹೊಸಬರಿಗೆ ಹೆಸರು, ಸಂಭಾವನೆ, ಪೋಸ್ಟರಿನಲ್ಲಿ ಮುಖ ಕೊಟ್ಟಿತು. ಕತೆ ಮಾತ್ರ ಈಗಲೂ ಅವರಿಗೆ ಆಟ ಕಲಿಸಲು ಬಂದ ಕೋಚ್ ಮಹಾಶಯರು ಒಳ್ಳೆಯವರಾಗುವ ಕತೆ. ಅರ್ಧ ಹೆಜ್ಜೆ, ಆದರೂ ಹೆಜ್ಜೆಯೇ.

ಪರದೆಯ ಮೇಲಿನದು ಒಂದಾದರೆ ಪರದೆಯ ಎದುರಿನ ಕುರ್ಚಿಯ ಪ್ರಶ್ನೆ ಇನ್ನೊಂದು. 2011ರ ಜನಗಣತಿಯಂತೆ ಕರ್ನಾಟಕದಲ್ಲೇ 13.24 ಲಕ್ಷ ವಿಕಲಚೇತನರಿದ್ದಾರೆ. ಅವರ ಬಗ್ಗೆ ಚಿತ್ರ ತೆಗೆದು, ಅವರು ಬರಲಾಗದ ಕಡೆ ತೋರಿಸಿ, ಉಳಿದವರು ಅತ್ತು ಮನೆಗೆ ಹೋಗುವುದು ಎಂಥ ಪದ್ಧತಿ? ಕಿವಿ ಕೇಳದವರಿಗೆ ಸಿನಿಮಾ ಒಂದು ಕಾಲದಲ್ಲಿ ಪೂರ್ತಿ ತೆರೆದಿತ್ತು. ಮೂಕಿ ಯುಗದಲ್ಲಿ ಎಲ್ಲರೂ ಬರಹ ಓದಿಯೇ ಕತೆ ತಿಳಿಯುತ್ತಿದ್ದರು. ಕನ್ನಡದ ಮಟ್ಟಿಗೆ 1934ರ ‘ಸತಿ ಸುಲೋಚನ’ ಮಾತಾಡಿದ ದಿನವೇ ಆ ಬಾಗಿಲು ಅರ್ಧ ಮುಚ್ಚಿತು. ಅದನ್ನು ಮತ್ತೆ ಹೆಚ್ಚುಕಡಿಮೆ ಪೂರ್ತಿ ತೆರೆದದ್ದು, ‘ಮಯೂರಿ’ ಮಾಡಿದ ಸಿಂಗೀತಂ ಅವರೇ ಬೆಂಗಳೂರಿನಲ್ಲಿ ಚಿತ್ರಿಸಿದ, ಮಾತೇ ಇಲ್ಲದ ‘ಪುಷ್ಪಕ ವಿಮಾನ’ (1987). ಅದರ ವಸ್ತು ವಿಕಲಚೇತನರೇನಲ್ಲ. ಕಿವಿ ಕೇಳುವವರೂ ಕೇಳದವರೂ ಒಂದೇ ದೃಶ್ಯಕ್ಕೆ ಒಟ್ಟಿಗೇ ನಕ್ಕರು, ಅಷ್ಟೆ.

2023ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ‘ಪಠಾಣ್’ ಚಿತ್ರದ ಒಟಿಟಿ ಬಿಡುಗಡೆಗೆ ದೃಶ್ಯವಿವರಣೆಯ ಧ್ವನಿ, ಶ್ರವಣದೋಷವುಳ್ಳವರಿಗಾಗಿ ಅಡಿಬರಹ ಸಿದ್ಧಪಡಿಸುವಂತೆ ಆದೇಶಿಸಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಚಿತ್ರಮಂದಿರಗಳಿಗೂ ಮಾರ್ಗಸೂಚಿ ಹೊರಡಿಸಿತು. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಕನ್ನಡ ಚಿತ್ರದ ಅಡಿಬರಹ ಇಂಗ್ಲಿಷಿನಲ್ಲಿ ಕಾಣಿಸುತ್ತದೆ, ಕನ್ನಡ ಬಾರದವರಿಗಾಗಿ. ಕನ್ನಡವನ್ನೇ ಓದಬಲ್ಲ ಕಿವುಡ ಕನ್ನಡಿಗನ ನೆನಪು ಯಾರಿಗೂ ಬಂದಂತಿಲ್ಲ.

ಕಟ್ಟಕಡೆಯ ಆಕ್ಷೇಪ ಗಂಭೀರವಾದದ್ದು: ಸಿನಿಮಾದಿಂದ ಏನಾದೀತು, ಹಕ್ಕು ಬರುವುದು ಹೋರಾಟದಿಂದ. ನಿಜ. 1977ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಸರಕಾರಿ ಕಟ್ಟಡದಲ್ಲಿ ವಿಕಲಚೇತನರು ಮೂರು ವಾರಕ್ಕೂ ಹೆಚ್ಚು ಕಾಲ ಧರಣಿ ಕೂತು ಕಾನೂನಿನ ನಿಯಮಗಳಿಗೆ ಸಹಿ ಹಾಕಿಸಿಕೊಂಡರು. ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ದಿನವೂ ಊಟ ತಂದುಕೊಟ್ಟರು. ಯಾವ ಸಿನಿಮಾವೂ ಅವರನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ಆದರೆ 2020ರ ‘ಕ್ರಿಪ್ ಕ್ಯಾಂಪ್’ ಸಾಕ್ಷ್ಯಚಿತ್ರ ಆ ಹೋರಾಟದ ಬೇರನ್ನು ಹುಡುಕಿ ಹೋಗುತ್ತದೆ. ನಿರ್ದೇಶಕರಲ್ಲೊಬ್ಬರಾದ ಜೇಮ್ಸ್ ಲೆಬ್ರೆಕ್ಟ್ ಸ್ವತಃ ಗಾಲಿಕುರ್ಚಿ ಬಳಸುವವರು. ವಿಕಲಚೇತನ ಹದಿಹರೆಯದವರಿಗಾಗಿ ನಡೆದ 1971ರ ಬೇಸಿಗೆ ಶಿಬಿರದ ಹಳೆಯ ಕಪ್ಪುಬಿಳುಪು ತುಣುಕುಗಳಲ್ಲಿ ಹುಡುಗ ಹುಡುಗಿಯರು ಸಿಗರೇಟು ಸೇದುತ್ತಾರೆ, ಪ್ರೀತಿಸುತ್ತಾರೆ, ಅಪ್ಪ ಅಮ್ಮನನ್ನು ಬೈಯುತ್ತಾರೆ. ಒಂದು ಮೇಜಿನ ಸುತ್ತ ಕೂತು ಮಾತಾಡುವಾಗ, ಮಾತು ಸ್ಪಷ್ಟವಾಗದ ಹುಡುಗಿಯೊಬ್ಬಳ ಸರದಿ ಬರುತ್ತದೆ. ಅವಳ ಮಾತು ಮುಗಿಯುವವರೆಗೆ ಮೇಜು ಕಾಯುತ್ತದೆ, ಕ್ಯಾಮೆರಾ ಕಾಯುತ್ತದೆ. ಯಾರ ಮುಖದಲ್ಲೂ ಮರುಕವಿಲ್ಲ. ಹಾಗೆ ಕಾಯುವುದನ್ನು ನೋಡಿದವರು ಮುಂದೆ ಬ್ಯಾಂಕಿನ ಸಾಲಿನಲ್ಲಿ ಉಗ್ಗುವವರ ವಾಕ್ಯವನ್ನು ತಾವೇ ಪೂರ್ತಿ ಮಾಡುವ ಮೊದಲು ಒಂದು ಕ್ಷಣ ತಡೆದರೆ, ಸಿನಿಮಾದ ಕೆಲಸ ಅಷ್ಟೇ, ಅಷ್ಟು ದೊಡ್ಡದು.

ರಸೆಲ್ ಅವರ ಚಿತ್ರದಲ್ಲೂ ಅಂಥದೊಂದು ಗಳಿಗೆ ಇದೆ. ಅಕಾಡೆಮಿಯ ಹಿರಿಯರು ಅದನ್ನು ಗಮನಿಸಿದ್ದರೋ ಇಲ್ಲವೋ. ಹೋಮರ್ ತನ್ನ ಹುಡುಗಿಯೊಂದಿಗೆ ಮಾತಾಡುತ್ತಿರುವಾಗ ಕಿಟಕಿಯಿಂದ ಮಕ್ಕಳು ಕೊಕ್ಕೆಗಳನ್ನು ಇಣುಕಿ ನೋಡುತ್ತಾರೆ. ಅವನು ಎರಡೂ ಕೊಕ್ಕೆಗಳನ್ನು ಗಾಜಿನ ಮೂಲಕ ತೂರಿಸಿ ಕಿಟಕಿ ಒಡೆಯುತ್ತಾನೆ: ನೋಡಬೇಕಲ್ಲವೆ, ನೋಡಿ. ಥಿಯೇಟರಿನ ಕತ್ತಲಲ್ಲಿ ಕೂತು ಇಣುಕುತ್ತಿದ್ದವರ ಮುಖಕ್ಕೇ ಆ ಗಾಜು ಸಿಡಿಯುತ್ತದೆ.

ಶೋನಾಲಿ ಬೋಸ್ ಅವರ ‘ಮಾರ್ಗರಿಟಾ ವಿತ್ ಎ ಸ್ಟ್ರಾ’ 2015ರಲ್ಲಿ ಭಾರತದಲ್ಲಿ ತೆರೆಕಂಡಿತು. ನಿರ್ದೇಶಕಿಯ ಸೋದರಸಂಬಂಧಿ ಮಾಲಿನಿ ಚಿಬ್ ಅವರ ಬದುಕೇ ಅದಕ್ಕೆ ಪ್ರೇರಣೆ. ಸೆರೆಬ್ರಲ್ ಪಾಲ್ಸಿ ಇರುವ ಮಾಲಿನಿ ತಮ್ಮ ಆತ್ಮಕತೆಯನ್ನು ಒಂದೇ ಬೆರಳಿನಿಂದ ಟೈಪ್ ಮಾಡಿದವರು. ನಾಯಕಿಯಾಗಿ ನಟಿಸಿದ ಕಲ್ಕಿ ಕೇಕ್ಲಾ ಅವರಿಗೆ ಆ ಸ್ಥಿತಿ ಇಲ್ಲ ಎಂಬ ದೂರು ಈ ಚಿತ್ರದ ಮೇಲೂ ಇದೆ, ಇರಬೇಕಾದದ್ದೇ. ನಾಯಕಿ ಲೈಲಾ ದೆಹಲಿಯಲ್ಲಿ ಕಾಲೇಜು ಬ್ಯಾಂಡಿಗೆ ಹಾಡು ಬರೆಯುತ್ತಾಳೆ. ಸ್ಪರ್ಧೆಯಲ್ಲಿ ಬ್ಯಾಂಡ್ ಗೆಲ್ಲುತ್ತದೆ. ಬಹುಮಾನ ಕೊಡಲು ಬಂದ ಅತಿಥಿ ವೇದಿಕೆಯ ಮೇಲೆ, ಹಾಡು ಬರೆದವಳು ವಿಕಲಚೇತನ ಹುಡುಗಿ ಎಂದು ಗೊತ್ತಾದ ಮೇಲೆ ಈ ತಂಡಕ್ಕೇ ಬಹುಮಾನ ಕೊಡಬೇಕೆನಿಸಿತು ಎನ್ನುತ್ತಾಳೆ. ಎಷ್ಟು ಕಷ್ಟಪಟ್ಟಿರಬೇಕು, ಒಂದೆರಡು ಮಾತಾಡು ಎಂದು ಮೈಕು ಹಿಡಿಯುತ್ತಾಳೆ. ಲೈಲಾ ಮಾತಾಡುವುದಿಲ್ಲ. ಗಾಲಿಕುರ್ಚಿಯಲ್ಲಿ ಕೂತಲ್ಲಿಂದಲೇ, ತುಂಬಿದ ಸಭೆಯ ಎದುರು, ಮಧ್ಯದ ಬೆರಳನ್ನು ಎತ್ತಿ ತೋರಿಸುತ್ತಾಳೆ.